ಸಾಲ ಅವರದು, ಕರೆ ನನಗೆ: ಒಂದು ವಸೂಲಿ ಸಂಸ್ಥೆಯ ಸೇವೆಯನ್ನು ಕುರಿತು

ಹಣ ಕೊಟ್ಟು ಪಡೆದ ಸೇವೆಯ ಬಗ್ಗೆ ವಿಮರ್ಶೆ ಬರೆಯುವುದು ವಾಡಿಕೆ. ನಾನು ಇಲ್ಲಿ ಬರೆಯುತ್ತಿರುವ ಸೇವೆಗೆ ನಾನು ಹಣ ಕೊಟ್ಟಿಲ್ಲ, ಅದು ಬೇಕೆಂದು ಯಾರನ್ನೂ ಕೇಳಿಲ್ಲ, ಬೇಡವೆಂದು ಮಾತ್ರ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಆದರೂ ಏಳು ತಿಂಗಳ ಕಾಲ ಅದು ತಪ್ಪದೆ ನನ್ನನ್ನು ತಲುಪಿತು. ಸಾಲ ಕೊಟ್ಟ ಕಂಪನಿಯೊಂದರ ಪರವಾಗಿ ಬಾಕಿ ವಸೂಲು ಮಾಡುವ ಸಂಸ್ಥೆಯೊಂದು, ನಾನು ಎಂದೂ ಕಂಡು ಕೇಳರಿಯದ ವ್ಯಕ್ತಿಯೊಬ್ಬರ ಸಾಲಕ್ಕಾಗಿ ನನ್ನ ಬೆನ್ನು ಹತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದ ನನಗೆ, ಎಮ್ಮೆಯ ಕಡೆಯಿಂದ ಅದು ಹೇಗಿರುತ್ತದೆ ಎಂಬುದು ಈಗ ಸವಿವರವಾಗಿ ತಿಳಿದಿದೆ.

ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಹೇಳಿದರೂ ಓದುಗರಿಗೆ ಹೆಚ್ಚು ಉಪಯೋಗವಾಗದು. ಸಾಲದ ಕಡತಗಳು ಒಂದು ಏಜೆನ್ಸಿಯಿಂದ ಇನ್ನೊಂದಕ್ಕೆ ಕೈ ಬದಲಾಗುತ್ತಲೇ ಇರುತ್ತವೆ, ನಾಳೆ ನಿಮಗೆ ಕರೆ ಮಾಡುವವರು ಬೇರೆಯವರೇ ಆಗಿರಬಹುದು. ಉಪಯೋಗವಾಗಬಹುದಾದದ್ದು ಈ ಸೇವೆ ಒಳಗೆ ಹೇಗೆ ನಡೆಯುತ್ತದೆ, ಎಲ್ಲಿ ಮುರಿದಿದೆ, ಎಲ್ಲಿ ಒತ್ತಿದರೆ ನಿಲ್ಲುತ್ತದೆ ಎಂಬ ವಿವರ ಮಾತ್ರ.

ಮೂಲ ಕಾರಣ ಸರಳವಾದದ್ದು. ನಾನು ಹೊಸದಾಗಿ ಪಡೆದ ಮೊಬೈಲ್ ಸಂಖ್ಯೆ ನಿಜಕ್ಕೂ ಹೊಸದಾಗಿರಲಿಲ್ಲ. ಹಿಂದೆ ಅದನ್ನು ಬಳಸುತ್ತಿದ್ದವರು ಬಿಟ್ಟ ಮೇಲೆ ದೂರಸಂಪರ್ಕ ಕಂಪನಿ ಅದನ್ನು ಕೆಲಕಾಲ ಸುಮ್ಮನೆ ಇರಿಸಿ, ಆಮೇಲೆ ನನಗೆ ಕೊಟ್ಟಿತ್ತು. ಹೀಗೆ ಸುಮ್ಮನೆ ಇರಿಸುವ ಅವಧಿ ಭಾರತದಲ್ಲಿ ಕನಿಷ್ಠ 90 ದಿನ, ಅಮೆರಿಕದಲ್ಲಿ ಕನಿಷ್ಠ 45 ದಿನ. ಸಾಲಗಳ ಆಯುಷ್ಯವೋ ವರ್ಷಗಳದ್ದು. ಅರ್ಜಿಯಲ್ಲಿ ಬರೆದ ಸಂಖ್ಯೆ, ಬರೆದವರ ಕೈಬಿಟ್ಟು ಹೋದ ಮೇಲೂ ಆ ಅರ್ಜಿಯಲ್ಲಿ ಹಾಗೆಯೇ ಉಳಿದಿರುತ್ತದೆ. ಅಮೆರಿಕದಲ್ಲಿ 2021ರ ನವೆಂಬರ್‌ನಿಂದ ಮರುಹಂಚಿಕೆಯಾದ ಸಂಖ್ಯೆಗಳ ದತ್ತಸಂಚಯವೊಂದು ಕೆಲಸ ಮಾಡುತ್ತಿದ್ದು, ಕರೆ ಮಾಡುವ ಸಂಸ್ಥೆ ಅದನ್ನು ನೋಡಿ ಸಂಖ್ಯೆ ಕೈ ಬದಲಾಗಿದೆಯೇ ಎಂದು ತಿಳಿದುಕೊಳ್ಳಬಹುದು. ನನಗೆ ಕರೆ ಮಾಡಿದವರು ಇಂಥ ಯಾವುದೇ ಪರಿಶೀಲನೆಯ ಗೋಜಿಗೆ ಹೋದಂತೆ ಕಾಣಲಿಲ್ಲ. ಹೆಸರು ಒಂದೇ ಆಗಿರುವುದು, ಮನೆಯ ಹಿಂದಿನ ಬಾಡಿಗೆದಾರರ ವಿಳಾಸ, ಯಾರೋ ತಮ್ಮ ಅರ್ಜಿಯಲ್ಲಿ ನಮ್ಮ ಸಂಖ್ಯೆಯನ್ನು ರೆಫರೆನ್ಸ್ ಎಂದು ತುಂಬಿರುವುದು, ಇವೆಲ್ಲವೂ ಇದೇ ಬಾಗಿಲಿಗೆ ಬಂದು ಮುಟ್ಟುವ ಬೇರೆ ಬೇರೆ ದಾರಿಗಳು.

ಈಗ ಸೇವೆಯ ಗುಣಮಟ್ಟಕ್ಕೆ ಬರುತ್ತೇನೆ, ಮೊದಲು ಕರೆಗಳು. ಫೋನೆತ್ತಿದ ಕೂಡಲೇ ಎರಡು ಕ್ಷಣ ಮೌನ, ಒಂದು ಸಣ್ಣ ಟಿಕ್ ಶಬ್ದ, ಆಮೇಲೆ ಹತ್ತಾರು ಜನ ಒಂದೇ ಕೋಣೆಯಲ್ಲಿ ಮಾತನಾಡುತ್ತಿರುವ ಗುಜುಗುಜು. ಯಂತ್ರವೊಂದು ಏಕಕಾಲಕ್ಕೆ ಹಲವು ಸಂಖ್ಯೆಗಳಿಗೆ ಕರೆ ಹಚ್ಚಿ, ಯಾರು ಎತ್ತಿದರೋ ಅವರನ್ನು ಆ ಗಳಿಗೆಯಲ್ಲಿ ಬಿಡುವಾಗಿರುವ ಟೆಲಿಕಾಲರ್‌ಗೆ ಜೋಡಿಸುವುದರಿಂದ ಆ ಮೌನ ಉಂಟಾಗುತ್ತದೆ. ಮೂರನೆಯ ವಾರದ ಹೊತ್ತಿಗೆ ಆ ಮೌನ ಕೇಳಿದೊಡನೆಯೇ ನನ್ನ ಹೊಟ್ಟೆಯಲ್ಲಿ ಏನೋ ಬಿಗಿಯುತ್ತಿತ್ತು. ನಂತರ ನಡೆಯುತ್ತಿದ್ದ ಸಂಭಾಷಣೆ ಬಹುಮಟ್ಟಿಗೆ ಒಂದೇ ತೆರನಾಗಿರುತ್ತಿತ್ತು. ಆ ವ್ಯಕ್ತಿಯ ಹೆಸರು ಹೇಳಿ, “ಅವರೇ ಮಾತಾಡ್ತಿರೋದಾ?” ಎಂದು ಕೇಳುತ್ತಿದ್ದರು.

“ಅಲ್ಲ, ಇದು ಈಗ ಅವರ ಸಂಖ್ಯೆಯಲ್ಲ.”

“ನೀವು ಅವರಿಗೆ ಏನಾಗಬೇಕು?”

“ಏನೂ ಆಗಬೇಕಾಗಿಲ್ಲ. ಅವರ ಪರಿಚಯವೇ ನನಗಿಲ್ಲ.”

“ಪರಿಚಯ ಇಲ್ಲದೇ ಅವರ ನಂಬರ್ ನಿಮ್ಮ ಕೈಗೆ ಹೇಗೆ ಬಂತು?”

ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಹೋಗುವುದೇ ಹೊಸಬರು ಮಾಡುವ ತಪ್ಪು. ನಾನು ಮೊದಲ ತಿಂಗಳಿಡೀ ಸಂಖ್ಯೆಗಳ ಮರುಹಂಚಿಕೆಯ ಬಗ್ಗೆ ತಾಳ್ಮೆಯಿಂದ ವಿವರಿಸಿದೆ. ಒಬ್ಬರು ಸೌಜನ್ಯದಿಂದ ಕೇಳಿಸಿಕೊಂಡು ಕ್ಷಮೆ ಕೋರಿದರು. ಮರುದಿನ ಅದೇ ಸಂಸ್ಥೆಯ ಇನ್ನೊಬ್ಬರು ಮೊದಲ ಪ್ರಶ್ನೆಯಿಂದಲೇ ಆರಂಭಿಸಿದರು. ಇನ್ನೊಬ್ಬರು ನನ್ನ ಧ್ವನಿಯನ್ನು ಗುರುತು ಹಿಡಿದಿರುವುದಾಗಿಯೂ, ನಾಟಕ ಸಾಕೆಂದೂ ಹೇಳಿದರು. ಮತ್ತೊಬ್ಬರು ಆ ದಿನವೇ ಅರ್ಧ ಕಟ್ಟಿದರೆ ಬಡ್ಡಿಯನ್ನೆಲ್ಲ ಬಿಟ್ಟು ಸೆಟಲ್‌ಮೆಂಟ್ ಮಾಡಿಕೊಡುವುದಾಗಿ ಆಮಿಷವೊಡ್ಡಿದರು. ಕಂಡರಿಯದವರ ಸಾಲದ ಮೇಲೆ ಅಷ್ಟು ರಿಯಾಯಿತಿ ಸಿಗುವುದು ಅಪರೂಪವೇ ಸರಿ. ಮಾತು ತಪ್ಪಿದರೆ ಅಕ್ಕಪಕ್ಕದ ಮನೆಯವರಿಗೆ ವಿಷಯ ತಿಳಿಸಬೇಕಾಗುತ್ತದೆ ಎಂದವರೂ ಇದ್ದರು.

ಈ ನಡುವೆ ನಾನು ಕೇಳದಿದ್ದರೂ ನನಗೆ ತಿಳಿದುಬಂದ ಸಂಗತಿಗಳು ಅನೇಕ. ಆ ವ್ಯಕ್ತಿ ತೆಗೆದುಕೊಂಡ ಸಾಲವೆಷ್ಟು, ಎಷ್ಟು ಕಂತು ತಪ್ಪಿದೆ, ಎಂಥ ಕಡೆ ಕೆಲಸ ಮಾಡುತ್ತಿದ್ದರು, ಆ ಕೆಲಸ ಯಾವಾಗ ಬಿಟ್ಟರು ಎಂಬುದನ್ನೆಲ್ಲ ಟೆಲಿಕಾಲರ್‌ಗಳೇ ಒಬ್ಬರಾದ ಮೇಲೊಬ್ಬರು ಒದಗಿಸಿದರು. ನನಗಾದ ಕಿರುಕುಳಕ್ಕಿಂತ ಇದು ದೊಡ್ಡ ಅನ್ಯಾಯವೆಂದು ನನ್ನ ಅಭಿಪ್ರಾಯ. ಸಾಲ ತೀರಿಸಲಾಗದ ಒಬ್ಬ ಮನುಷ್ಯನ ಕಷ್ಟದ ವಿವರ, ಆ ಸಂಖ್ಯೆಯಲ್ಲಿ ಯಾರು ಫೋನೆತ್ತುತ್ತಾರೋ ಅವರ ಕಿವಿಗೆ ಬೀಳುತ್ತಿದೆ ಎಂಬುದು ಆ ಮನುಷ್ಯನಿಗೆ ಗೊತ್ತೇ ಇರಲಿಕ್ಕಿಲ್ಲ.

ಸಂಖ್ಯೆಗಳನ್ನು ಬ್ಲಾಕ್ ಮಾಡಿ ನೋಡಿದೆ. ಅವರ ಬಳಿ ನನ್ನ ತಾಳ್ಮೆಗಿಂತ ಹೆಚ್ಚು ಸಂಖ್ಯೆಗಳಿದ್ದವು. ಆದ್ದರಿಂದ ಮೂರನೆಯ ತಿಂಗಳಲ್ಲಿ ಸಂಸ್ಥೆಯ ದೂರು ವಿಭಾಗಕ್ಕೆ ಇಮೇಲ್ ಬರೆದೆ. ನಾಲ್ಕು ದಿನಗಳ ನಂತರ ಬಂದ ಉತ್ತರದಲ್ಲಿ, ನಾನು ಆ ಸಾಲಗಾರನಲ್ಲ ಎಂಬುದನ್ನು ಸಾಬೀತುಪಡಿಸಲು ಗುರುತಿನ ಚೀಟಿಯ ಎರಡೂ ಬದಿಯ ಪ್ರತಿ, ಜನ್ಮದಿನಾಂಕ ಮತ್ತು ಬ್ಯಾಂಕ್ ಖಾತೆಯ ವಿವರ ಕಳುಹಿಸಬೇಕೆಂದು ಕೇಳಿದ್ದರು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಷ್ಟರವರೆಗೆ ಅವರ ಬಳಿ ನನ್ನ ಬಗ್ಗೆ ಇದ್ದದ್ದು ಒಂದು ಸಂಖ್ಯೆ ಮಾತ್ರ. ನಾನು ನಾನೆಂದು ತೋರಿಸಿಕೊಳ್ಳಲು ಹೊರಟರೆ, ಸಾಲವೇ ಇಲ್ಲದ ನನ್ನ ಪೂರ್ಣ ವಿವರ ವಸೂಲಿ ಕಡತವೊಂದರೊಳಗೆ ಹೋಗಿ ಕೂರುತ್ತದೆ. ಅಲ್ಲದೆ, ವಸೂಲಿಯವರ ಸೋಗಿನಲ್ಲಿ ಇದೇ ದಾಖಲೆಗಳನ್ನು ಕೇಳುವ ವಂಚಕರೂ ಇದ್ದಾರೆ, ಇಬ್ಬರ ಭಾಷೆಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಹಾಗಾಗಿ ಗುರುತಿನ ಚೀಟಿ ಕಳುಹಿಸದೆ, ಈ ಸಂಖ್ಯೆ ಯಾವ ದಿನಾಂಕದಿಂದ ನನ್ನ ಬಳಕೆಯಲ್ಲಿದೆ ಎಂಬುದಕ್ಕೆ ದೂರಸಂಪರ್ಕ ಕಂಪನಿಯಿಂದ ಪಡೆದ ಪತ್ರವನ್ನಷ್ಟೇ ಲಗತ್ತಿಸಿದೆ. ಸಾಲ ಮಂಜೂರಾದದ್ದು ಅದಕ್ಕಿಂತ ಎರಡು ವರ್ಷ ಮುಂಚೆ ಎಂಬುದನ್ನು ಅವರದೇ ಟೆಲಿಕಾಲರ್ ನನಗೆ ಹೇಳಿದ್ದರು. ಇಷ್ಟು ಜಾಣತನ ತೋರಿದ ನಾನು ಒಂದು ಕಡೆ ಎಡವಿದೆ: ಔಪಚಾರಿಕ ಪತ್ರ ಬರೆಯುವ ಹಳೆಯ ಅಭ್ಯಾಸಬಲದಿಂದ, ಕೆಳಗೆ ಸಹಿಯ ಜೊತೆಗೆ ಮನೆಯ ವಿಳಾಸವನ್ನೂ ಪೂರ್ತಿಯಾಗಿ ಬರೆದುಬಿಟ್ಟಿದ್ದೆ.

ಹದಿನೆಂಟು ದಿನಗಳ ನಂತರ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಹೆಲ್ಮೆಟ್ ಕೈಯಲ್ಲಿ ಹಿಡಿದ ಒಬ್ಬ ಯುವಕ ನಿಂತಿದ್ದ. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಮಡಚಿಟ್ಟ ಕಾಗದಗಳು. ಮೇಲಿನ ಕಾಗದದಲ್ಲಿ ಆ ವ್ಯಕ್ತಿಯ ಹೆಸರು, ಅದರ ಕೆಳಗೆ ಅಚ್ಚಾದ ಎರಡು ಹಳೆಯ ವಿಳಾಸಗಳಿಗೆ ಪೆನ್ನಿನಿಂದ ಅಡ್ಡಗೆರೆ, ಮೂರನೆಯ ಸಾಲಿನಲ್ಲಿ ‘ಹೊಸ ವಿಳಾಸ’ ಎಂಬ ತಲೆಬರಹದಡಿ ನನ್ನ ಮನೆಯ ವಿಳಾಸ. ಇಮೇಲ್‌ನಲ್ಲಿ ನಾನು ಬರೆದಿದ್ದಂತೆಯೇ ಅಲ್ಪವಿರಾಮಗಳ ಸಮೇತ ಅದು ಅಲ್ಲಿತ್ತು. ನನ್ನ ದೂರನ್ನು ಯಾರೋ ಓದಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಓದಿ, ಅದರಲ್ಲಿ ತಮಗೆ ಬೇಕಾದ ಒಂದು ಸಾಲನ್ನು ಮಾತ್ರ ಆರಿಸಿಕೊಂಡಿದ್ದರು.

ಆ ಯುವಕನ ಬಗ್ಗೆ ನ್ಯಾಯವಾಗಿ ಬರೆಯಬೇಕು. ಅವನು ದನಿಯೇರಿಸಲಿಲ್ಲ, ಒಳಗೆ ಬರಲಿಲ್ಲ, ತನ್ನ ಗುರುತಿನ ಕಾರ್ಡನ್ನು ಕೇಳುವ ಮೊದಲೇ ತೋರಿಸಿದ. ದೂರಸಂಪರ್ಕ ಕಂಪನಿಯ ಪತ್ರವನ್ನು ಪೂರ್ತಿ ಓದಿದ, ಎರಡು ದಿನಾಂಕಗಳನ್ನು ಬೆರಳಿಟ್ಟು ಹೋಲಿಸಿದ, ಆಮೇಲೆ ತನ್ನ ಕಾಗದದ ಅಂಚಿನಲ್ಲಿ ‘ಈ ವ್ಯಕ್ತಿ ಇಲ್ಲಿಲ್ಲ, ಸಂಬಂಧವಿಲ್ಲ’ ಎಂದು ಬರೆದು ದಿನಾಂಕ ಹಾಕಿದ. ಏಳು ತಿಂಗಳಲ್ಲಿ ಆ ಸಂಸ್ಥೆಯಿಂದ ನನಗೆ ಸಿಕ್ಕ ನಿಜವಾದ ಸೇವೆ ಎಂದರೆ ಆ ನಾಲ್ಕು ಪದಗಳು. ವಸೂಲಾದ ಹಣದ ಮೇಲೆ ಮಾತ್ರ ತನಗೆ ಕಮಿಷನ್ ಎಂದೂ, ಇಂಥ ಮನೆಗಳಿಗೆ ಬಂದ ಪೆಟ್ರೋಲ್ ಖರ್ಚು ತನ್ನದೇ ಎಂದೂ ಹೇಳಿದ. ಹೊರಡುವ ಮುನ್ನ, ನಾನು ಕೇಳದಿದ್ದರೂ, ಒಂದು ಮಾತು ಸೇರಿಸಿದ: “ನಾವು ಬರೆದದ್ದು ನಮ್ಮ ಆಫೀಸಿನಲ್ಲೇ ಉಳಿಯುತ್ತೆ. ಮುಂದಿನ ತಿಂಗಳು ಅಲೋಕೇಶನ್ ಬೇರೆ ಏಜೆನ್ಸಿಗೆ ಹೋದರೆ ಶೀಟ್‌ನಲ್ಲಿ ಮತ್ತೆ ನಿಮ್ಮ ನಂಬರೇ ಬರುತ್ತೆ. ಸಾಲ ಕೊಟ್ಟವರಿಗೇ ಬರೀರಿ.”

ಈ ಒಂದು ಮಾತಿನಲ್ಲಿ ಇಡೀ ವ್ಯವಸ್ಥೆಯ ನಕ್ಷೆ ಇದೆ. ಬಾಕಿಯಾದ ಸಾಲಗಳನ್ನು ಎಷ್ಟು ದಿನಗಳಿಂದ ಬಾಕಿಯಿವೆ ಎಂಬುದರ ಮೇಲೆ ‘ಬಕೆಟ್’ಗಳಾಗಿ ವಿಂಗಡಿಸಿ, ಸಾಲ ಕೊಟ್ಟ ಕಂಪನಿ ಅವುಗಳ ಪಟ್ಟಿಯನ್ನು ಆಗಾಗ ಏಜೆನ್ಸಿಗಳಿಗೆ ಹಂಚುತ್ತದೆ. ಏಜೆನ್ಸಿಯ ಟೆಲಿಕಾಲರ್ ಪ್ರತಿ ಕರೆಯ ಕೊನೆಗೆ ಪರದೆಯ ಮೇಲೆ ಒಂದು ಫಲಿತಾಂಶವನ್ನು ಆರಿಸಬೇಕು: ಕಟ್ಟುವುದಾಗಿ ಮಾತು ಕೊಟ್ಟರು, ಅಂದರೆ ಅವರ ಬಾಯಲ್ಲಿ ‘ಪಿಟಿಪಿ’, ಕಟ್ಟುವುದಿಲ್ಲ ಎಂದರು, ಮತ್ತೆ ಕರೆ ಮಾಡಬೇಕು, ಎತ್ತಲಿಲ್ಲ, ತಪ್ಪು ಸಂಖ್ಯೆ. ಕೊನೆಯದನ್ನು ಒತ್ತಲು ಅವರು ಹಿಂಜರಿಯುವುದಕ್ಕೆ ಕಾರಣವಿಲ್ಲದಿಲ್ಲ. ‘ನಾನು ಅವರಲ್ಲ’ ಎಂಬುದು ನಿಜವಾಗಿ ಅಲ್ಲದವರ ಮಾತಾಗಿರುವಂತೆಯೇ ತಪ್ಪಿಸಿಕೊಳ್ಳುವ ಸಾಲಗಾರರ ಮೊದಲ ಮಾತೂ ಆಗಿರುತ್ತದೆ, ಫೋನಿನಲ್ಲಿ ಎರಡನ್ನೂ ಬೇರ್ಪಡಿಸುವ ಸಾಧನ ಅವರ ಬಳಿ ಇಲ್ಲ. ಅವರು ಅದನ್ನು ಒತ್ತಿದರೂ ತಿದ್ದುಪಡಿಯಾಗುವುದು ಅವರ ಪಟ್ಟಿಯಲ್ಲಿ, ಮೂಲ ಕಡತದಲ್ಲಲ್ಲ. ಮುಂದಿನ ಹಂಚಿಕೆಯಲ್ಲಿ ಮೂಲ ಕಡತದಿಂದ ಹೊಸ ಪಟ್ಟಿ ಹೊರಡುತ್ತದೆ, ಅದರೊಡನೆ ಹಳೆಯ ತಪ್ಪೂ ಹೊಸ ಉತ್ಸಾಹದಿಂದ ಹೊರಡುತ್ತದೆ. ಅಂದರೆ ಎರಡು ತಿಂಗಳು ನಾನು ಹೇಳಿದ್ದೆಲ್ಲ ನೀರಿನ ಮೇಲೆ ಬರೆದ ಬರಹ. ಅಷ್ಟೇ ಅಲ್ಲ, ಪ್ರತಿ ಸಲ ಫೋನೆತ್ತಿ ಮಾತನಾಡಿದ್ದರಿಂದ ಈ ಸಂಖ್ಯೆ ಜೀವಂತವಾಗಿದೆ ಎಂಬ ಖಾತರಿಯನ್ನು ನಾನೇ ಅವರಿಗೆ ಒದಗಿಸುತ್ತಿದ್ದೆ.

ಸಾಲಗಳು ಹಂಚಿಕೆಯಾಗುವುದಲ್ಲದೆ ಮಾರಾಟವೂ ಆಗುವ ಕಡೆಗಳಲ್ಲಿ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಬಾಕಿ ಸಾಲಗಳನ್ನು ಕೊಳ್ಳುವ ಉದ್ಯಮದ ಬಗ್ಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೊಳ್ಳುವವರು ಒಂದು ಡಾಲರ್ ಬಾಕಿಗೆ ತೆತ್ತ ಬೆಲೆ ಸರಾಸರಿ 4 ಸೆಂಟ್. ಜನರು ತಕರಾರು ಎತ್ತಿದ ಸಾಲಗಳಲ್ಲಿ ಅವರು ಪರಿಶೀಲಿಸಿ ದೃಢಪಡಿಸಿದ್ದು ಸುಮಾರು ಅರ್ಧದಷ್ಟನ್ನು ಮಾತ್ರ. ಅಷ್ಟು ಅಗ್ಗಕ್ಕೆ ಕೊಂಡ ಪಟ್ಟಿಯಲ್ಲಿ ಹೆಸರು ವಿಳಾಸ ಸರಿಯಿದೆಯೇ ಎಂದು ಒಂದೊಂದಾಗಿ ನೋಡುತ್ತ ಕೂರುವುದಕ್ಕಿಂತ ಎಲ್ಲರಿಗೂ ಕರೆ ಮಾಡಿಬಿಡುವುದೇ ಲಾಭದಾಯಕ.

ಯುವಕನ ಸಲಹೆಯಂತೆ ಸಾಲ ಕೊಟ್ಟ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಈ ಬಾರಿ ಪತ್ರ ಒಂದೇ ಪುಟ. ಸಂಖ್ಯೆ ನನ್ನದಾದ ದಿನಾಂಕ. ಹನ್ನೊಂದು ಕರೆಗಳ ದಿನಾಂಕ, ಸಮಯ ಮತ್ತು ಕರೆ ಬಂದ ಸಂಖ್ಯೆ. ಮನೆಗೆ ಬಂದವರ ಭೇಟಿಯ ದಿನಾಂಕ. ನಾನು ಸಾಲಗಾರನಾಗಲಿ ಜಾಮೀನುದಾರನಾಗಲಿ ಅಲ್ಲ ಎಂಬ ಒಂದು ವಾಕ್ಯ. ಮತ್ತು ಮೂರು ಕೋರಿಕೆಗಳು. ಮೂಲ ದಾಖಲೆಯಿಂದ ಈ ಸಂಖ್ಯೆಯನ್ನೂ ವಿಳಾಸವನ್ನೂ ತೆಗೆಯಬೇಕು, ಕಡತ ಹೋಗಿರುವ ಎಲ್ಲ ಏಜೆನ್ಸಿಗಳಿಗೂ ತಿಳಿಸಬೇಕು, ಎರಡೂ ಆಗಿದೆ ಎಂದು ಲಿಖಿತವಾಗಿ ಖಚಿತಪಡಿಸಬೇಕು. ಆ ವ್ಯಕ್ತಿಯ ಬಗ್ಗೆ ನನಗೆ ತಿಳಿದುಬಂದ ವಿವರಗಳನ್ನು ಟೆಲಿಕಾಲರ್‌ಗಳೇ ಬಹಿರಂಗಪಡಿಸಿದರು ಎಂಬುದನ್ನೂ ಸೇರಿಸಿದೆ. ಆ ವಾಕ್ಯವೇ ಕೆಲಸ ಮಾಡಿತೆಂದು ನನ್ನ ಅನುಮಾನ, ಏಕೆಂದರೆ ಉತ್ತರದಲ್ಲಿ ಕ್ಷಮೆ ಕೋರಿದ್ದು ಅದೊಂದಕ್ಕೇ. ಹನ್ನೆರಡನೆಯ ದಿನ ಲಿಖಿತ ಉತ್ತರ ಬಂತು. ಅಲ್ಲಿಗೆ ಆ ಸಂಸ್ಥೆಯ ಕರೆಗಳು ನಿಂತವು.

ಕನ್ನಡ ಓದುವವರು ಹಲವು ದೇಶಗಳಲ್ಲಿರುವುದರಿಂದ, ಪತ್ರದಲ್ಲಿ ಉಲ್ಲೇಖಿಸಲು ಯೋಗ್ಯವಾದ ಕೆಲವು ನಿಯಮಗಳನ್ನು ಇಲ್ಲಿ ಬರೆದಿಡುತ್ತೇನೆ. ಭಾರತೀಯ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ, ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಕರೆ ಮಾಡಬಾರದೆಂದು ಹೇಳಿತು. ಸಾಲಗಾರರ ಕುಟುಂಬದವರು, ಸ್ನೇಹಿತರು ಮತ್ತು ಅರ್ಜಿಯಲ್ಲಿ ರೆಫರೆನ್ಸ್ ಆಗಿರುವವರ ಖಾಸಗಿತನಕ್ಕೆ ಧಕ್ಕೆ ತರುವುದನ್ನೂ ಅದೇ ಸುತ್ತೋಲೆ ನಿಷೇಧಿಸಿತು. ಏಜೆಂಟರ ವರ್ತನೆಗೆ ಸಾಲ ಕೊಟ್ಟವರೇ ಹೊಣೆ ಎಂಬುದು ಅಲ್ಲಿನ ನಿಲುವು. ಅಮೆರಿಕದ 1977ರ ಸಾಲ ವಸೂಲಿ ಕಾನೂನಿನಡಿ, ಸಾಲಗಾರರ ವಿಳಾಸ ಪತ್ತೆಗಾಗಿ ಮೂರನೆಯವರನ್ನು ಸಂಪರ್ಕಿಸುವ ವಸೂಲಿಗಾರರು ಸಾಲದ ವಿಷಯವನ್ನೇ ಎತ್ತುವಂತಿಲ್ಲ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಸಂಪರ್ಕಿಸುವಂತೆಯೂ ಇಲ್ಲ. ಸಾಲ ನಿಮ್ಮದೇ ಎಂದು ಅವರು ನೋಟಿಸ್ ಕೊಟ್ಟಿದ್ದರೆ, 30 ದಿನಗಳೊಳಗೆ ಲಿಖಿತ ತಕರಾರು ಸಲ್ಲಿಸಿದಾಗ ದೃಢೀಕರಣ ಒದಗಿಸುವ ತನಕ ವಸೂಲಿಯನ್ನು ನಿಲ್ಲಿಸಬೇಕು.

ಬ್ರಿಟನ್ನಿನ ಒಂದು ಪ್ರಕರಣ ನನಗೆ ವಿಶೇಷವಾಗಿ ಹಿಡಿಸಿತು. ಮನೆಗೆ ಅನಿಲ ಪೂರೈಸುವ ಕಂಪನಿಯನ್ನು ಬಿಟ್ಟು ಬೇರೊಂದರ ಗ್ರಾಹಕರಾಗಿದ್ದ ಒಬ್ಬ ಮಹಿಳೆಗೆ, ತಾನು ಕೊಡಬೇಕಿಲ್ಲದ ಹಣಕ್ಕಾಗಿ ಆ ಹಳೆಯ ಕಂಪನಿ ಬ್ರಿಟಿಷ್ ಗ್ಯಾಸ್‌ನಿಂದ ತಿಂಗಳುಗಟ್ಟಲೆ ಬಿಲ್ಲುಗಳೂ ಬೆದರಿಕೆ ಪತ್ರಗಳೂ ಬಂದಿದ್ದವು. ಆಕೆ 1997ರ ಕಿರುಕುಳ ತಡೆ ಕಾನೂನಿನಡಿ ದಾವೆ ಹೂಡಿದಾಗ, ಪತ್ರಗಳನ್ನು ಕಂಪ್ಯೂಟರ್ ತಾನಾಗಿ ಕಳುಹಿಸಿದ್ದರಿಂದ ಮನುಷ್ಯರು ಬರೆದ ಪತ್ರಗಳಷ್ಟು ಗಂಭೀರವಾಗಿ ಅವನ್ನು ಪರಿಗಣಿಸಬೇಕಾಗಿರಲಿಲ್ಲ ಎಂದು ಕಂಪನಿ ವಾದಿಸಿತು. ದಾವೆಯನ್ನು ಆರಂಭದಲ್ಲೇ ಕೈಬಿಡಬೇಕೆಂಬ ಅದರ ಕೋರಿಕೆಯನ್ನು ಮೇಲ್ಮನವಿ ನ್ಯಾಯಾಲಯ 2009ರಲ್ಲಿ ತಳ್ಳಿಹಾಕಿತು. ಯಂತ್ರದಲ್ಲಿ ತಪ್ಪು ಮಾಹಿತಿ ತುಂಬಿದವರು ಮನುಷ್ಯರೇ ತಾನೆ? ‘ಸಿಸ್ಟಮ್‌ನಲ್ಲಿ ನಿಮ್ಮ ನಂಬರೇ ತೋರಿಸ್ತಿದೆ’ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಪ್ರಕರಣ ನೆನಪಾಗುತ್ತದೆ.

ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಬೇರೊಬ್ಬರ ಸಾಲವೆಲ್ಲವೂ ನಮಗೆ ಸಂಬಂಧಿಸದ ಸಾಲವಲ್ಲ. ಜಾಮೀನಿಗೆ ಸಹಿ ಹಾಕಿದ್ದರೆ ಅದು ಸ್ವಂತ ಸಾಲಕ್ಕೆ ಸಮ. ಭಾರತದ 1872ರ ಒಪ್ಪಂದ ಕಾಯಿದೆಯ 128ನೆಯ ಕಲಂ, ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಎಂದು ಹೇಳುತ್ತದೆ. ಆದರೆ ರೆಫರೆನ್ಸ್ ಎಂದು ನಿಮ್ಮ ಹೆಸರು ಬರೆದ ಮಾತ್ರಕ್ಕೆ ನೀವು ಜಾಮೀನುದಾರರಾಗುವುದಿಲ್ಲ. ಟೆಲಿಕಾಲರ್‌ಗಳು ಈ ಎರಡನ್ನೂ ಬೇಕೆಂದೇ ಕಲಸಿ ಮಾತನಾಡುವುದನ್ನು ನಾನು ಕೇಳಿದ್ದೇನೆ. ಇನ್ನು, ನಿಮ್ಮ ದಾಖಲೆ ಬಳಸಿ ಯಾರೋ ನಿಮ್ಮ ಹೆಸರಿನಲ್ಲೇ ಸಾಲ ಪಡೆದಿದ್ದರೆ ಅದು ತಪ್ಪು ಸಂಖ್ಯೆಯ ಪ್ರಶ್ನೆಯಲ್ಲ, ವಂಚನೆಯ ಪ್ರಶ್ನೆ. ಆಗ ಪೊಲೀಸ್ ದೂರು ಬೇಕಾಗುತ್ತದೆ. ಮೊದಲ ಕರೆ ಬಂದ ವಾರದಲ್ಲೇ ನಿಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆಯನ್ನು, ತೆಗೆಸಿ ನೋಡಿದರೆ ಎರಡರಲ್ಲಿ ಯಾವುದು ಎಂಬುದು ತಿಳಿಯುತ್ತದೆ. ಕಾಟ ತಾಳಲಾರದೆ ಒಂದು ಸಣ್ಣ ಮೊತ್ತವನ್ನು ಎಸೆದು ಕೈತೊಳೆದುಕೊಳ್ಳುವ ಯೋಚನೆ ಮಾತ್ರ ಬೇಡ. ಕಟ್ಟಿದ ಹಣ ಒಪ್ಪಿಗೆಯಂತೆ ಕಾಣುತ್ತದೆ.

ಅಂಕಗಳನ್ನು ಕೊಡಲೇಬೇಕೆಂದರೆ, ಪಟ್ಟುಹಿಡಿದು ಕರೆ ಮಾಡುವುದರಲ್ಲಿ ಸಂಸ್ಥೆಗೆ ಐದಕ್ಕೆ ಐದು, ಹೇಳಿದ್ದನ್ನು ನೆನಪಿಡುವುದರಲ್ಲಿ ಸೊನ್ನೆ, ದೂರು ವಿಭಾಗಕ್ಕೆ ಸೊನ್ನೆಗಿಂತ ಕಡಿಮೆ ಕೊಡುವ ಅವಕಾಶವಿದ್ದಿದ್ದರೆ ಅದು. ಸಾಲ ಕೊಟ್ಟ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೂರು. ತಪ್ಪು ಸರಿಪಡಿಸಿದ್ದಕ್ಕೆ ಕೊಟ್ಟ ಅಂಕಗಳು ಅವು, ಕಡತವನ್ನು ಪರಿಶೀಲಿಸದೆ ಹಂಚಿದ್ದಕ್ಕೆ ಎರಡನ್ನು ಕಳೆದಿದ್ದೇನೆ.

ಸಂಖ್ಯೆಯನ್ನೇ ಬದಲಿಸಿಬಿಡಿ ಎಂದು ಹಲವರು ಆಗ ಹೇಳಿದ್ದರು. ಬದಲಿಸಲಿಲ್ಲ. ನಾನು ಬಿಟ್ಟ ಸಂಖ್ಯೆ ಕೆಲವು ತಿಂಗಳು ಸುಮ್ಮನಿದ್ದು ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಅವರ ಫೋನಿನಲ್ಲಿ ಅದೇ ಎರಡು ಕ್ಷಣದ ಮೌನ ಮತ್ತೆ ಆರಂಭವಾಗುತ್ತಿತ್ತು. ಉತ್ತರ ಬಂದ ಮುಂದಿನ ತಿಂಗಳು ಬೇರೊಂದು ಏಜೆನ್ಸಿಯಿಂದ ಒಂದೇ ಒಂದು ಕರೆ ಬಂತು. ನಾನು ವಿವರಣೆಗೆ ಇಳಿಯದೆ ಕಂಪನಿಯ ಪತ್ರದ ಉಲ್ಲೇಖ ಸಂಖ್ಯೆ ಮತ್ತು ದಿನಾಂಕವನ್ನು ಓದಿ ಹೇಳಿದೆ. ಆಚೆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. “ಹೌದು, ಇಲ್ಲಿ ತೆಗೆದಿದ್ದಾರೆ. ನಮಗೆ ಬಂದಿರೋದು ಹಳೇ ಶೀಟ್,” ಎಂದು ಆಕೆ ಫೋನಿಟ್ಟರು.